ಬೆಳಿಗ್ಗೆ ನೋಡುವ

ನಮ್ಮ ಕಡೆ ಯಾರಿಗಾದರೂ ಹುಷಾರಿಲ್ಲ ಅಂತ ಸುದ್ದಿ ಬಂದರೆ, ಏನಾಗಿದೆ ಅಂತ ಕೇಳುವುದು ಆಮೇಲೆ. ಮೊದಲ ಪ್ರಶ್ನೆ, "ಎಲ್ಲಿಗೆ ಹಾಕಿದ್ದು?"

"ಇಲ್ಲೇ, ಡಾಕ್ಟ್ರಲ್ಲಿ ತೋರಿಸಿ ಬಂದ್ರು" ಅಂದರೆ ಮಾತು ಅಲ್ಲಿಗೇ ಮುಗಿಯಿತು. ಮತ್ತೆ ಮಳೆ, ತೆಂಗಿನಕಾಯಿ ರೇಟು, ಯಾರ ಮನೆಯ ಮದುವೆ. "ಅಜ್ಜರಕಾಡಿನಲ್ಲಿ ಇದ್ದಾರೆ", ಅಂದರೆ ಉಡುಪಿಯ ಜಿಲ್ಲಾಸ್ಪತ್ರೆಯಲ್ಲಿ, ಅಂದರೆ ಒಂದು ಹುಬ್ಬು ಮೇಲೆ ಹೋಗುತ್ತದೆ. "ಮಣಿಪಾಲಕ್ಕೆ ತಕೊಂಡು ಹೋದ್ರಂತೆ" ಅಂದರೆ ಕೈಯಲ್ಲಿದ್ದ ಚಾದ ಲೋಟ ಕೆಳಗೆ ಬರುತ್ತದೆ. ಅದಕ್ಕೆ "ರಾತ್ರಿಯೇ" ಅಂತ ಒಂದು ಶಬ್ದ ಸೇರಿದರಂತೂ, ಕೇಳಿದವರು ಆಗಲೇ ಮನಸ್ಸಿನಲ್ಲಿ ಆ ಮನೆಗೆ ಹೋಗಿ ಜಗಲಿಯಲ್ಲಿ ಕೂತಾಗಿರುತ್ತದೆ.

1953ರಲ್ಲಿ ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರು ಮಾಡುವಾಗ ಮಣಿಪಾಲ ಬರೀ ಬೋಳು ಗುಡ್ಡವಾಗಿತ್ತು ಅಂತ ಹಳಬರು ಹೇಳುತ್ತಾರೆ. ಈಗ ನಮಗೆ ಅದು ಬರೀ ಊರಿನ ಹೆಸರಲ್ಲ. ಕಾಯಿಲೆ ಎಷ್ಟು ದೊಡ್ಡದು ಅಂತ ಅಳೆಯುವ ಸೇರು. ಹಾಗಾಗಿ ರಾತ್ರಿ ಒಬ್ಬರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು ಅಂದರೆ, ಚಿಕಿತ್ಸೆ ಕೊಡಿಸುವುದಕ್ಕಿಂತ ಮೊದಲು ಊರಿಗೆ ಒಂದು ಸುದ್ದಿ ಕೊಟ್ಟ ಹಾಗೆ. ಅದಕ್ಕೇ ನಾವು ಹಿಂದೆ ಮುಂದೆ ನೋಡುವುದು.

ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿಯವರ ಲೆಕ್ಕಾಚಾರ ಬೇರೆ. ಕಳೆದ ವರ್ಷ ಭಾವ ಅಡುಗೆಮನೆಯಲ್ಲಿ ಬೆಣ್ಣೆಹಣ್ಣು ಹೆಚ್ಚುವಾಗ ಅಂಗೈ ಕೊಯ್ದುಕೊಂಡರು. ಟವೆಲ್ ಸುತ್ತಿಕೊಂಡು ಇಬ್ಬರೂ ಕಾರು ಹತ್ತಿದರು. ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿ ಬಾಗಿಲಿನ ಎದುರು ಕಾರು ನಿಲ್ಲಿಸಿ, ಇಳಿಯದೆ, ಹತ್ತು ನಿಮಿಷ ವಿಮೆಯ ಲೆಕ್ಕ ಹಾಕಿದರಂತೆ. ಆಮೇಲೆ ಕಾರು ತಿರುಗಿಸಿ 'ಅರ್ಜೆಂಟ್ ಕೇರ್'ಗೆ ಹೋದರು. ಒಂದು ಪಕ್ಕ ಪಿಜ್ಜಾ ಅಂಗಡಿ, ಇನ್ನೊಂದು ಪಕ್ಕ ಬಟ್ಟೆ ಒಗೆಯುವ ಅಂಗಡಿ, ನಡುವೆ ಈ ಕ್ಲಿನಿಕ್. ಮೊದಲೇ ಹೇಳಿಟ್ಟು ಹೋಗಬೇಕಂತಿಲ್ಲ. ಗಂಟಲು ನೋವು, ಉಳುಕಿದ ಕಾಲು, ಐದಾರು ಹೊಲಿಗೆ, ಒಂದು ಎಕ್ಸ್‌ರೇ, ಇಷ್ಟು ಅಲ್ಲಿ ಆಗುತ್ತದೆ. ರಾತ್ರಿ ಎಂಟೋ ಒಂಬತ್ತೋ ಆದರೆ ಬಾಗಿಲು ಹಾಕುತ್ತಾರೆ. ಎದೆನೋವು ಅಂತ ಹೋದರೆ ಅವರೇ ಆಂಬುಲೆನ್ಸ್ ಕರೆದು ದೊಡ್ಡಲ್ಲಿಗೆ ಸಾಗಿಸುತ್ತಾರೆ. ಎಮರ್ಜೆನ್ಸಿಗೆ ಬಂದವರನ್ನು ದುಡ್ಡಿಲ್ಲ ಅಂತ ನೋಡದೆ ವಾಪಸ್ ಕಳಿಸುವ ಹಾಗಿಲ್ಲ ಅಂತ ಅಲ್ಲಿ 1986ರಿಂದ ಕಾನೂನು ಉಂಟು. ಆದರೆ ಬಿಲ್ಲು ಆಮೇಲೆ ಅಂಚೆಯಲ್ಲಿ ಮನೆಗೆ ಬರುತ್ತದೆ, ಅದು ಸಾವಿರದ ಲೆಕ್ಕದಲ್ಲಿ, ಅದೂ ಡಾಲರಿನಲ್ಲಿ. ಆಂಬುಲೆನ್ಸಿಗೂ ಬಿಲ್ಲು. ಹಾಗಾಗಿ ಇದಕ್ಕೆ ಅಲ್ಲಿ ಹೋಗುವುದೋ ಇಲ್ಲಿ ಹೋಗುವುದೋ ಅನ್ನುವುದು ಅಲ್ಲಿ ಪ್ರತಿ ಮನೆಯ ಚರ್ಚೆ.

"ನಿಮಗೆ ಅಂಥದ್ದೆಲ್ಲ ಇಲ್ಲ ಅಲ್ವಾ?" ಅಂತ ಕೇಳಿದಳು.

"ಯಾಕಿಲ್ಲ ಮಾರಾಯ್ತಿ, ನಮ್ಮ ಡಾಕ್ಟ್ರಿದ್ದಾರಲ್ಲ" ಅಂದೆ.

ನಿಜ ಹೇಳಬೇಕಾದರೆ ಅರ್ಜೆಂಟ್ ಕೇರ್ ಅನ್ನುವುದು ನಮಗೆ ಹೊಸತಲ್ಲ. ಬಾರ್ಕೂರಿನಲ್ಲಾಗಲಿ ಬ್ರಹ್ಮಾವರದಲ್ಲಾಗಲಿ, ಬಸ್‌ಸ್ಟ್ಯಾಂಡಿನ ಹತ್ತಿರದ ಆ ಎರಡು ಕೋಣೆಯ ಕ್ಲಿನಿಕ್ ಮತ್ತೆ ಎಂತ? ಸಂಖ್ಯೆ ಬರೆದ ಪ್ಲಾಸ್ಟಿಕ್ ಟೋಕನ್, ಉದ್ದ ಬೆಂಚು, ಕಾಗದದ ಪೊಟ್ಟಣದಲ್ಲಿ ಮೂರು ದಿನದ ಮಾತ್ರೆ. ನನ್ನ ಮಂಡಿಯ ಹೊಲಿಗೆ, ಹೆಂಡತಿಯ ಬೆರಳಿಗೆ ಮೆಟ್ಟುಕತ್ತಿ ತಾಗಿದ್ದು, ಮಗನ ಕಿವಿನೋವು, ಅಮ್ಮನ ಉರಿಮೂತ್ರ, ಎಲ್ಲವೂ ಅಲ್ಲೇ ಗುಣವಾದದ್ದು. ಅಪ್ಪನಿಗೆ ಯಾವ ಮಾತ್ರೆ ಆಗುವುದಿಲ್ಲ ಅಂತ ಡಾಕ್ಟ್ರಿಗೆ ನೆನಪಿದೆ. ಯಾವ ದೊಡ್ಡ ಆಸ್ಪತ್ರೆಯ ಕಂಪ್ಯೂಟರಿಗೂ ಅಷ್ಟು ನೆನಪಿಲ್ಲ. ಒಂದೇ ತೊಂದರೆ, ಅದು ಬೆಳಿಗ್ಗೆ ಒಂಬತ್ತರಿಂದ ಒಂದು, ಸಂಜೆ ನಾಲ್ಕರಿಂದ ಎಂಟು. ಆದಿತ್ಯವಾರ ಮಧ್ಯಾಹ್ನದ ಮೇಲೆ ಇಲ್ಲ.

"ಎಂಟು ಗಂಟೆ ಮೇಲೆ ಏನಾದ್ರೂ ಆದ್ರೆ?" ಅಂದಳು ಅಕ್ಕ.

ಅದಕ್ಕೆ ನಮ್ಮಲ್ಲಿ ಮೂರನೆಯದೊಂದು ಆಸ್ಪತ್ರೆ ಉಂಟು. ಊರಿನ ಎಲ್ಲ ಆಸ್ಪತ್ರೆಗಳಿಗಿಂತ ಹೆಚ್ಚು ಜನ ಹೋಗುವುದು ಅದಕ್ಕೇ. ಬಿಲ್ಲಿಲ್ಲ, ಬೋರ್ಡಿಲ್ಲ, ಡಾಕ್ಟ್ರೂ ಇಲ್ಲ. ಅದರ ಹೆಸರು 'ಬೆಳಿಗ್ಗೆ ನೋಡುವ'.

ನಾನು ಅಪ್ಪನನ್ನು ಸೇರಿಸಿದ್ದು ಅಲ್ಲಿಗೇ. 2019ರ ಡಿಸೆಂಬರಿನಲ್ಲಿ.

ಅಂದು ಹತ್ತಿರದ ಗದ್ದೆಯಲ್ಲಿ ಹರಕೆಯ ಯಕ್ಷಗಾನ ಆಟವಿತ್ತು. ಕಾಲಮಿತಿಯ ಆಟ, ಹಾಗಾಗಿ ರಾತ್ರಿ ಒಂದರ ಒಳಗೆ ಅಪ್ಪ ಮನೆಗೆ ಬಂದಿದ್ದರು. ಒಂದೂವರೆಗೆ ಜಗಲಿಯಲ್ಲಿ ಸದ್ದಾಯಿತು ಅಂತ ಎದ್ದು ನೋಡಿದರೆ, ಕಂಬಕ್ಕೆ ಒರಗಿ ಕೂತಿದ್ದಾರೆ. "ಎಂತಾಯ್ತು?" ಅಂದರೆ "ದಾಲ ಇಜ್ಜಿ" ಅಂದರು. ಏನೂ ಇಲ್ಲ. ಏನೂ ಇಲ್ಲದವರು ಆ ಹೊತ್ತಿಗೆ ಕಂಬ ಹಿಡಿದು ಕೂರುವುದಿಲ್ಲ. ಆಮೇಲೆ ಮೆಲ್ಲ ಹೇಳಿದರು, ಹೊಟ್ಟೆಯ ಮೇಲ್ಭಾಗದಲ್ಲಿ ಏನೋ ಹಿಡಿದ ಹಾಗೆ ಆಗ್ತದೆ. ಎದೆನೋವಾ ಅಂತ ಕೇಳಿದೆ. "ಅಲ್ಲ ಅಲ್ಲ, ಇಲ್ಲಿ" ಅಂತ ಹೊಟ್ಟೆ ಮತ್ತು ಎದೆಯ ನಡುವಿನ ಗುಳಿ ತೋರಿಸಿದರು. ಆ 'ಅಲ್ಲ ಅಲ್ಲ'ದಲ್ಲಿ ಒಂದು ಅವಸರವಿತ್ತು. ನಾನು ಅದನ್ನು ಆಗ ಗಮನಿಸಲಿಲ್ಲ.

ಅಮ್ಮ ಎದ್ದು ಬಂದು ತೀರ್ಪು ಕೊಟ್ಟಳು: "ಆಟದಲ್ಲಿ ಗೋಳಿಬಜೆ ತಿಂದಿರ್ಬೇಕು. ಗ್ಯಾಸ್."

ಈ 'ಗ್ಯಾಸ್' ಶಬ್ದದ ಬಗ್ಗೆ ನನಗೆ ಸಿಟ್ಟು ಉಂಟು. ನಮ್ಮ ಹೊಟ್ಟೆಯಿಂದ ಕುತ್ತಿಗೆವರೆಗೆ ಎಲ್ಲಿ ಏನಾದರೂ ಅದಕ್ಕೆ ಗ್ಯಾಸ್ ಅಂತಲೇ ಹೆಸರು. ಬೆನ್ನಿಗೆ ಹೋದರೂ ಗ್ಯಾಸ್, ಭುಜಕ್ಕೆ ಬಂದರೂ ಗ್ಯಾಸ್. ಹಾಗೆ ಹೇಳಿದ ಕೂಡಲೇ ಮನೆಯವರಿಗೆಲ್ಲ ಸಮಾಧಾನ, ಯಾಕೆಂದರೆ ಗ್ಯಾಸಿಗೆ ಮದ್ದು ಅಡುಗೆಮನೆಯಲ್ಲೇ ಉಂಟು. ಓಮದ ನೀರು ಕುದಿಸಿದರು. ಈನೋ ಕದಡಿ ಕೊಟ್ಟೆವು. ಐದು ನಿಮಿಷದಲ್ಲಿ ದೊಡ್ಡದೊಂದು ತೇಗು ಬಂತು. ಎಲ್ಲರೂ ಮುಖ ಮುಖ ನೋಡಿ ನಕ್ಕೆವು. ಈನೋ ಕುಡಿದರೆ ಯಾರಿಗಾದರೂ ತೇಗು ಬಂದೇ ಬರುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ.

ನನಗೆ ಈಗಲೂ ಕಣ್ಣಿಗೆ ಕಟ್ಟುವುದು ಬೈರಾಸು. ಡಿಸೆಂಬರ್ ತಿಂಗಳು, ಹೊರಗೆ ತಣ್ಣಗೆ ಗಾಳಿ. ಅಪ್ಪ ಬೈರಾಸಿನಲ್ಲಿ ಕುತ್ತಿಗೆ ಒರೆಸುತ್ತಾರೆ, ಎರಡು ನಿಮಿಷಕ್ಕೆ ಮತ್ತೆ ಒರೆಸುತ್ತಾರೆ. ಬನಿಯನ್ನಿನ ಬೆನ್ನು ಅಂಟಿಕೊಂಡಿತ್ತು. ನಾನು ಅವರ ಕೈಯಿಂದ ಬೈರಾಸು ತೆಗೆದುಕೊಂಡು ಹಗ್ಗದ ಮೇಲೆ ಹಾಕಿದೆ. ಹಿಂಡಿದರೆ ನೀರು ಬರುವಷ್ಟು ಒದ್ದೆ. ಹಾಕಿ, ಒಣಗಿದ ಇನ್ನೊಂದು ತಂದುಕೊಟ್ಟೆ. ಅಷ್ಟೇ ನಾನು ಮಾಡಿದ್ದು.

ಹೋಗುವ ಅಂತ ಯಾರೂ ಹೇಳಲಿಲ್ಲವಾ? ಹೇಳಿದೆವು. ಹೆಂಡತಿ ಎರಡು ಸಲ ಹೇಳಿದಳು. ಆದರೆ ಪ್ರತಿ ಸಲವೂ ಒಂದೊಂದು ಅಡ್ಡ ಬಂತು. ಮಣಿಪಾಲ ಇಲ್ಲಿಂದ ಸುಮಾರು 25 ಕಿಲೋಮೀಟರ್. ಅಷ್ಟು ದೂರ ಹೋಗಿ ಅವರು ಗ್ಯಾಸ್ ಅಂತ ಹೇಳಿ ಕಳಿಸಿದರೆ ನಾಚಿಕೆ, ಅಂದರು ಅಪ್ಪ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು, ರಾತ್ರಿ ಎರಡು ಗಂಟೆಗೆ ಹುಡುಗು ಡಾಕ್ಟರುಗಳ ಎದುರು ಗೋಳಿಬಜೆ ತಿಂದ ವಿಷಯ ಹೇಳಬೇಕು ಅನ್ನುವುದು ಅವರಿಗೆ ನೋವಿಗಿಂತ ದೊಡ್ಡದಾಗಿತ್ತು. ಅಮ್ಮನಿಗೆ, ಕಾರು ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯವರು ಏಳುತ್ತಾರೆ ಅಂತ. ನನಗೆ ಮರುದಿನ ಸೊಸೈಟಿಯಲ್ಲಿ ಆಡಿಟ್. ಕೊನೆಗೆ ಆ ಮಾತನ್ನು ಆಡಿದ್ದು ನಾನೇ. "ಈಗ ಸ್ವಲ್ಪ ಮಲಗಿ. ಬೆಳಿಗ್ಗೆ ನೋಡುವ."

ಬೆಳಿಗ್ಗೆ ಏಳೂಮುಕ್ಕಾಲಿಗೆ ನಮ್ಮ ಡಾಕ್ಟ್ರ ಮನೆಯ ಬಾಗಿಲು ತಟ್ಟಿದೆವು. ಅಪ್ಪನ ಮುಖ ಬೂದಿಯ ಬಣ್ಣಕ್ಕೆ ಬಂದಿತ್ತು. ಡಾಕ್ಟ್ರು ಚಾ ಕುಡಿಯುತ್ತಿದ್ದವರು ಹಾಗೇ ಬಂದು, ಕ್ಲಿನಿಕ್ಕಿನ ಮೂಲೆಯಲ್ಲಿ ಬಟ್ಟೆ ಮುಚ್ಚಿಟ್ಟ ಇಸಿಜಿ ಮೆಷಿನ್ ತೆಗೆದರು. ಗುಲಾಬಿ ಕಾಗದ ಉದ್ದಕ್ಕೆ ಹೊರಗೆ ಬಂತು. ಅದನ್ನು ಮೇಜಿನ ಮೇಲೆ ಬಿಡಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಯಾರಿಗೋ ಕಳಿಸಿದರು. ಉತ್ತರಕ್ಕೆ ಕಾಯದೆಯೇ ಮಾತ್ರೆಗಳನ್ನು ಅಪ್ಪನ ಅಂಗೈಗೆ ಹಾಕಿ "ಇದು ಜಗಿಯಿರಿ, ಇದು ನುಂಗಿ" ಅಂದರು. ಆಂಬುಲೆನ್ಸಿಗೆ ಫೋನ್ ಮಾಡಿದರು. ಆಮೇಲೆ ನನ್ನನ್ನು ಕೇಳಿದರು, "ಎಷ್ಟು ಗಂಟೆಗೆ ಶುರುವಾದದ್ದು?"

"ಒಂದೂವರೆಗೆ."

ಅವರು ಗೋಡೆಯ ಗಡಿಯಾರ ನೋಡಿದರು. ಏನೂ ಹೇಳಲಿಲ್ಲ. ನಮ್ಮ ಡಾಕ್ಟ್ರು ಜೋರಿನವರು, ಮದ್ದು ತಪ್ಪಿಸಿದರೆ ಬೈಯುವವರು. ಅವತ್ತು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಹೃದಯದ ಕೆಳಗಿನ ಗೋಡೆಗೆ ಆದ ಹೃದಯಾಘಾತ. ಆ ಭಾಗದ್ದಾದರೆ ನೋವು ಹೊಟ್ಟೆಯ ಮೇಲ್ಭಾಗದಲ್ಲೇ ಬರಬಹುದು, ವಾಂತಿ ಬಂದ ಹಾಗೆ, ಅಜೀರ್ಣದ ಹಾಗೆ ಕಾಣಬಹುದು ಅಂತ ಆಮೇಲೆ ತಿಳಿಯಿತು. ಸಕ್ಕರೆ ಕಾಯಿಲೆ ಇದ್ದವರಿಗೆ ನೋವು ಸರಿಯಾಗಿ ಗೊತ್ತಾಗುವುದೂ ಇಲ್ಲವಂತೆ. ಅಪ್ಪನಿಗೆ ಹದಿನೈದು ವರ್ಷದಿಂದ ಸಕ್ಕರೆ ಉಂಟು. ಆಂಜಿಯೋಪ್ಲಾಸ್ಟಿ ಆಯಿತು, ಸ್ಟೆಂಟ್ ಹಾಕಿದರು, ಉಳಿದರು. ಆದರೆ ರಕ್ತ ಹೋಗದೆ ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಶೇಕಡಾ 55ರ ಮೇಲೆ ಇರಬೇಕಾದ ಹೃದಯದ ಪಂಪಿಂಗು ಅವರದ್ದು 40ಕ್ಕೆ ನಿಂತಿದೆ. ಮೆಟ್ಟಿಲು ಹತ್ತುವಾಗ ನಾಲ್ಕನೆಯ ಮೆಟ್ಟಿಲಲ್ಲಿ ನಿಂತು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುವ ಹಾಗೆ ಮಾಡುತ್ತಾರೆ. ನಾವೂ ಗೊತ್ತಾಗದವರ ಹಾಗೆ ಮಾಡುತ್ತೇವೆ.

ಆ ಹಳ್ಳಿಯ ಕ್ಲಿನಿಕ್ಕಿನಲ್ಲಿ ಇಸಿಜಿ ಮೆಷಿನ್ ಇದ್ದದ್ದು ನಮ್ಮ ಪುಣ್ಯ. ಇಲ್ಲದಿದ್ದರೆ ಅಲ್ಲೂ ಒಂದು ಗ್ಯಾಸಿನ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬರುತ್ತಿದ್ದೆವೋ ಏನೋ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಬಗ್ಗೆ ನಮ್ಮ ಜಿಲ್ಲೆಯವರು ಪೇಪರಿನಲ್ಲಿ ಓದಿಯೇ ಇರುತ್ತೀರಿ. ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ, ಕ್ಲಿನಿಕ್ಕುಗಳಿಗೆ ಇಸಿಜಿ ಮೆಷಿನ್ ಕೊಡಿಸುವುದು, ಅಲ್ಲಿಯ ಡಾಕ್ಟರು ವಾಟ್ಸ್ಆಪ್ ಗುಂಪಿಗೆ ಇಸಿಜಿ ಹಾಕಿದರೆ ತಜ್ಞರು ನೋಡಿ ಹೇಳುವುದು. ಕೇಳುವಾಗ ಸಣ್ಣ ವಿಷಯ. ಆದರೆ ಎದೆನೋವಿನಲ್ಲಿ ಎಲ್ಲಕ್ಕಿಂತ ಮೊದಲು ಬೇಕಾದದ್ದು ಆ ಒಂದು ಗುಲಾಬಿ ಕಾಗದ. ಅದು ದೊಡ್ಡ ಕಟ್ಟಡದಲ್ಲೇ ಬರಬೇಕು ಅಂತ ಇಲ್ಲ.

2021ರ ಅಕ್ಟೋಬರ್ 29ಕ್ಕೆ ಪುನೀತ್ ರಾಜ್‌ಕುಮಾರ್ ಹೋದಾಗ ಅವರಿಗೆ 46. ಅವತ್ತಿನಿಂದ ಕೆಲವು ವಾರ ರಾಜ್ಯದ ಹೃದಯದ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಿಮ್ಮಿಗೆ ಹೋಗುವ ಹುಡುಗರೂ ಇಸಿಜಿ ತೆಗೆಸಿಕೊಂಡರು. ಆಮೇಲೆ ಸರಕಾರ ಅವರದ್ದೇ ಹೆಸರಿನಲ್ಲಿ 'ಹೃದಯ ಜ್ಯೋತಿ' ಯೋಜನೆ ತಂದಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದಯಾಘಾತ ಅಂತಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಅನ್ನು ಅಲ್ಲೇ ಪುಕ್ಕಟೆ ಕೊಡುವುದು. ನಮ್ಮಲ್ಲಿ ಇನ್ನೂ ಎಷ್ಟೋ ಜನರಿಗೆ ಇದು ಗೊತ್ತಿಲ್ಲ. ಸರಕಾರಿ ಆಸ್ಪತ್ರೆಯನ್ನು ದಾಟಿಕೊಂಡೇ ಮುಂದೆ ಹೋಗುತ್ತಾರೆ.

ಅಪ್ಪನ ಕಥೆ ಆದ ಮೇಲೆ ನಾವು ಇನ್ನೊಂದು ತುದಿಗೆ ಹೋದೆವು. ಬಿಸಿ ಹಾಲಿನಲ್ಲಿ ಬಾಯಿ ಸುಟ್ಟವನು ಮಜ್ಜಿಗೆಯನ್ನೂ ಊದಿ ಕುಡಿದ ಹಾಗೆ. ಮಗನಿಗೆ ಒಂದು ರಾತ್ರಿ 102 ಜ್ವರ. ಮಾತ್ರೆ ಕೊಟ್ಟು ಅರ್ಧ ಗಂಟೆ ಆಗಿತ್ತಷ್ಟೆ, ನಾನು ಕಾರಿನ ಕೀ ಹಿಡಿದಾಗಿತ್ತು. ಹತ್ತೂವರೆಗೆ ಒಂದು ದೊಡ್ಡ ಆಸ್ಪತ್ರೆಯ ಕ್ಯಾಜುವಲ್ಟಿಯಲ್ಲಿದ್ದೆವು.

ಬಾಗಿಲಲ್ಲೇ ಒಬ್ಬರು ನರ್ಸು ಮಗನ ಉಸಿರು ಎಣಿಸಿ, ಬೆರಳಿಗೆ ಕ್ಲಿಪ್ ಹಾಕಿ, ಉಗುರು ಒತ್ತಿ ನೋಡಿ, ಕಾಗದದ ಮೇಲೆ ಹಸಿರು ಗುರುತು ಹಾಕಿದರು. ಮಗ ಆಗ ಮೊಬೈಲಿನಲ್ಲಿ ಆಡುತ್ತಿದ್ದ. ಆ ಹಸಿರಿನ ಅರ್ಥ ನನಗೆ ಗೊತ್ತಾದದ್ದು ಎರಡೂವರೆ ಗಂಟೆ ಕಾದ ಮೇಲೆ. ಕೆಂಪು ಮೊದಲು, ಹಳದಿ ಆಮೇಲೆ, ಹಸಿರು ಕೊನೆಗೆ. ಇದಕ್ಕೆ 'ಟ್ರಯಾಜ್' ಅಂತಾರೆ, ಫ್ರೆಂಚ್ ಶಬ್ದ, ಆರಿಸಿ ಬೇರೆ ಮಾಡುವುದು ಅಂತ ಅರ್ಥ. ನಮ್ಮಲ್ಲಿ ಗೇರುಬೀಜ ಆರಿಸುತ್ತಾರಲ್ಲ, ಹಾಗೆ. ನೆಪೋಲಿಯನ್ ಸೈನ್ಯದಲ್ಲಿದ್ದ ಲ್ಯಾರಿ ಅನ್ನುವ ಸರ್ಜನ್, ಗಾಯಗೊಂಡವನು ಸಿಪಾಯಿಯೋ ಸೇನಾಪತಿಯೋ ನೋಡಬೇಡಿ, ಯಾರ ಗಾಯ ದೊಡ್ಡದೋ ಅವನನ್ನು ಮೊದಲು ನೋಡಿ ಅಂತ ಮಾಡಿದ ಪದ್ಧತಿಯಿಂದ ಬಂದದ್ದು. ನಮ್ಮ ಪಕ್ಕ ಕೂತಿದ್ದವರು ಮಾತ್ರ ಇದನ್ನು ಒಪ್ಪುವವರಾಗಿರಲಿಲ್ಲ. "ನಾವು ಮೊದಲು ಬಂದದ್ದು! ಟೋಕನ್ ಇಲ್ವಾ ಇಲ್ಲಿ?" ಅಂತ ಕೌಂಟರಿಗೆ ಮೂರು ಸಲ ಹೋಗಿ ಬಂದರು. ಅವರ ಕಾಲಿನ ಹೆಬ್ಬೆರಳು ಊದಿತ್ತು.

ಅಷ್ಟರಲ್ಲಿ ಒಂದು ಸ್ಟ್ರೆಚರ್ ಬಂತು. ಬೈಕಿನಿಂದ ಬಿದ್ದ ಹುಡುಗ. ಹೆದ್ದಾರಿಯಲ್ಲಿ ಬಿದ್ದಿದ್ದವನನ್ನು ತಂದದ್ದು ಮೀನಿನ ಲಾರಿಯ ಡ್ರೈವರ್. ಹುಡುಗನನ್ನು ಒಳಗೆ ತಕೊಂಡು ಹೋದ ಮೇಲೆ ಅವನು ಬಾಗಿಲ ಹತ್ತಿರ ಗೋಡೆಗೆ ತಾಗದ ಹಾಗೆ ನಿಂತಿದ್ದ. ಅಂಗಿಯ ತೋಳೆಲ್ಲ ರಕ್ತ, ಮೈಯೆಲ್ಲ ಬಂಗುಡೆಯ ವಾಸನೆ. ಬಂದು ಹೋಗುವವರನ್ನೆಲ್ಲ ಕೇಳುತ್ತಿದ್ದ, "ನಾನು ಹೋಗ್ಬಹುದಾ? ಮೀನು ಹಾಳಾಗ್ತದೆ. ಪೊಲೀಸರು ಕೇಳಿದ್ರೆ?" ಗಾಯಾಳುವನ್ನು ತಂದುಬಿಟ್ಟವರು ಹೆಸರು ಹೇಳಬೇಕಂತ ಇಲ್ಲ, ಸಾಕ್ಷಿ ಹೇಳಲು ಒತ್ತಾಯ ಮಾಡುವ ಹಾಗಿಲ್ಲ ಅಂತ 2019ರ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿಯಲ್ಲೇ ಬಂದಿದೆ. ಮೊದಲು ಚಿಕಿತ್ಸೆ, ಪೊಲೀಸ್ ಲೆಕ್ಕ ಆಮೇಲೆ ಅಂತ ಸುಪ್ರೀಂ ಕೋರ್ಟು 1989ರಲ್ಲೇ ಹೇಳಿದೆ. ಅಂದು ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನಿಗೆ ಹೇಳುತ್ತಿದ್ದೆ. ಸೆಕ್ಯೂರಿಟಿಯವರು "ನೀನು ಹೋಗು ಮಾರಾಯ" ಅಂದ ಮೇಲೂ ಅವನು ಹುಡುಗನ ಒಂದು ಚಪ್ಪಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೇ ಇದ್ದ. ಆಮೇಲೆ ಅದನ್ನು ಕುರ್ಚಿಯ ಅಡಿಯಲ್ಲಿ ಇಟ್ಟು ಹೋದ.

ಮಗನನ್ನು ನೋಡಿದ ಡಾಕ್ಟರಮ್ಮ ಚಿಕ್ಕ ಪ್ರಾಯದವರು. "ಜ್ವರ ಇವತ್ತು ಶುರುವಾದದ್ದಲ್ವಾ, ನೀರು ಕುಡೀತಾನೆ, ಆಡ್ತಾನೆ. ಇದಕ್ಕೆ ನಿಮ್ಮ ಡಾಕ್ಟ್ರೇ ಸಾಕಿತ್ತು" ಅಂದರು. ಬೈದದ್ದಲ್ಲ. ಆಮೇಲೆ ಹೇಳಿದ ಮಾತು ನನಗೆ ಉಪಯೋಗಕ್ಕೆ ಬಿತ್ತು. "ಜ್ವರ ಇರುವಾಗ ಹೆದರಿ ಓಡಿ ಬರ್ತೀರಿ. ಬಿಟ್ಟ ಮೇಲೆ ಬರುವುದೇ ಇಲ್ಲ."

ಡೆಂಗಿಯ ಕಥೆ ಅದು. ಮೂರು ನಾಲ್ಕು ದಿನ ಜ್ವರ ಸುಡುತ್ತದೆ, ಆಮೇಲೆ ಬಿಡುತ್ತದೆ. ಮನೆಯವರು ಗಂಜಿ ಕೊಟ್ಟು, ಇನ್ನು ಗುಣವಾಯಿತು ಅಂತ ಕೂರುತ್ತಾರೆ. ನಿಜವಾದ ಅಪಾಯ ಹೆಚ್ಚಾಗಿ ಆ ಹೊತ್ತಿಗೇ. ಜ್ವರ ಇಳಿದು ಹೊಟ್ಟೆನೋವು ಜೋರಾದರೆ, ವಾಂತಿ ನಿಲ್ಲದಿದ್ದರೆ, ಒಸಡಿನಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿಬಿಟ್ಟರೆ, ಕ್ಲಿನಿಕ್ಕಿನ ಟೋಕನ್ ಹಿಡಿದು ಕೂರುವುದಲ್ಲ. ಮಳೆಗಾಲದಲ್ಲಿ ನಮ್ಮ ಗದ್ದೆಯ ಕಡೆ ಇಲಿಜ್ವರವೂ ಹಾಗೇ. ನೇಜಿ ನೆಟ್ಟು ಬಂದವರಿಗೆ ಜ್ವರ, ಮೀನಖಂಡ ನೋವು. ನಾಟಿಯ ಸುಸ್ತು ಅಂತ ಬಿಟ್ಟರೆ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಮೊದಲ ದಿನ ಡಾಕ್ಟ್ರ ಕ್ಲಿನಿಕ್ಕಿನಲ್ಲೇ ಮುಗಿಯಬಹುದಾಗಿದ್ದದ್ದು ಮೂತ್ರಪಿಂಡಕ್ಕೆ ಹೋಗಿ ನಿಲ್ಲುತ್ತದೆ. ಅಂದರೆ ಒಂದೇ ಜ್ವರ ಸೋಮವಾರ ಕ್ಲಿನಿಕ್ಕಿನದ್ದು, ಗುರುವಾರ ಕ್ಯಾಜುವಲ್ಟಿಯದ್ದು. ಗೋಡೆಗೆ ಅಂಟಿಸುವ ಪಟ್ಟಿ ಮಾಡಿ ಇದು ಇಲ್ಲಿಗೆ, ಅದು ಅಲ್ಲಿಗೆ ಅಂತ ಬರೆದಿಟ್ಟರೆ ಮುಗಿಯುವ ವಿಷಯ ಅಲ್ಲ ಇದು.

ಆದರೆ ಕೆಲವಕ್ಕೆ ಯೋಚನೆಯೇ ಬೇಡ. ಹಾವು ಕಚ್ಚಿದರೆ ಕ್ಲಿನಿಕ್ಕಿನಲ್ಲಿ ಏನೂ ಆಗುವುದಿಲ್ಲ, ಮದ್ದು ಇರುವುದು ದೊಡ್ಡಲ್ಲಿ. ಸರಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ಅದರಲ್ಲೂ ಕಟ್ಟಹಾವು. ಅದು ರಾತ್ರಿ ನೆಲದಲ್ಲಿ ಮಲಗಿದವರಿಗೆ ಕಚ್ಚುವುದು, ನೋವೇ ಇರುವುದಿಲ್ಲ, ಎಷ್ಟೋ ಸಲ ಹಲ್ಲಿನ ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಆಮೇಲೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಉಸಿರು ಕಟ್ಟುತ್ತದೆ. ನಮ್ಮ ಗ್ಯಾಸಿಗೂ ನಮ್ಮ 'ಬೆಳಿಗ್ಗೆ ನೋಡುವ'ಕ್ಕೂ ಹೇಳಿ ಮಾಡಿಸಿದ ಹಾವು ಅದು.

ಬಾಯಿ ಸೊಟ್ಟಗಾದರೂ, ಅಂದರೆ ಲಕ್ವ ಹೊಡೆದರೂ, ಹಾಗೇ. ನಮ್ಮ ಹತ್ತಿರದ ಮನೆಯ ಹಿರಿಯರೊಬ್ಬರಿಗೆ ತಿಂಡಿ ತಿನ್ನುವಾಗ ಕೈಯಿಂದ ಲೋಟ ಜಾರಿತು, ಮಾತು ಬಿದ್ದಿತು. ಮೊದಲು ಕ್ಲಿನಿಕ್ಕಿಗೆ ಹೋದರು, ಅಲ್ಲಿ ಬಿ.ಪಿ. ನೋಡಿದರು. ಅಲ್ಲಿಂದ ಇನ್ನೊಂದು ಸಣ್ಣ ಆಸ್ಪತ್ರೆಗೆ ಹೋದರು, ಅಲ್ಲಿ ಸಿ.ಟಿ. ಸ್ಕ್ಯಾನ್ ಇರಲಿಲ್ಲ. ಮೂರನೆಯದು ಮಣಿಪಾಲ. ಗಡ್ಡೆ ಕರಗಿಸುವ ಮದ್ದು ಕೊಡಲು ನಾಲ್ಕೂವರೆ ಗಂಟೆಯ ಒಳಗೆ ತಲುಪಬೇಕು, ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು. ಇವರು ಸರ್ವಿಸ್ ಬಸ್ಸಿನ ಹಾಗೆ ಎಲ್ಲ ಸ್ಟಾಪಿನಲ್ಲಿ ನಿಂತು ಹೋದರು. ಅದು ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವ ಕಾಯಿಲೆ. ಅವರ ಬಲಗೈ ಇವತ್ತಿಗೂ ಮಡಿಲಲ್ಲೇ ಇರುತ್ತದೆ.

ನಮಗಾದರೂ 25 ಕಿಲೋಮೀಟರ್. ಬೈಂದೂರಿನ ಆಚೆಯವರನ್ನು ನೆನೆದರೆ ನಾನು ದೂರ ಅಂತ ಹೇಳುವುದೇ ತಪ್ಪು. ಭಟ್ಕಳ, ಹೊನ್ನಾವರ, ಕುಮಟಾ ಕಡೆಯವರಿಗೆ ದೊಡ್ಡ ಕಾಯಿಲೆ ಅಂದರೆ ಇವತ್ತಿಗೂ ನಮ್ಮ ಹೆದ್ದಾರಿಯೇ ಗತಿ. 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ತರುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಳೆಗೆ ಜಾರಿ ಮಗುಚಿತಲ್ಲ, ನಾಲ್ಕು ಜನ ಹೋದರು. ಆ ವಿಡಿಯೋ ನಮ್ಮೆಲ್ಲರ ಮೊಬೈಲಿಗೂ ಬಂದಿತ್ತು. ಉತ್ತರ ಕನ್ನಡಕ್ಕೊಂದು ದೊಡ್ಡ ಆಸ್ಪತ್ರೆ ಬೇಕು ಅಂತ ಅವರು ಕೂಗಿದ್ದು ಸುಮ್ನೆ ಅಲ್ಲ. ಕ್ಲಿನಿಕ್ಕೋ ಕ್ಯಾಜುವಲ್ಟಿಯೋ ಅಂತ ಯೋಚಿಸಲು ಎರಡೂ ಹತ್ತಿರ ಇರಬೇಕಲ್ಲ.

ನಾನೀಗ ಮಾಡಿಕೊಂಡದ್ದು ಇಷ್ಟೇ. ನಮ್ಮ ಡಾಕ್ಟ್ರನ್ನು ಒಮ್ಮೆ ಪುರುಸೊತ್ತಿನಲ್ಲಿ ಕೇಳಿದೆ, ನಿಮ್ಮಲ್ಲಿ ಏನುಂಟು, ಏನಿಲ್ಲ? ಆಕ್ಸಿಜನ್ ಉಂಟು, ನೆಬುಲೈಸರ್ ಉಂಟು, ಇಸಿಜಿ ಉಂಟು, ಹೊಲಿಗೆ ಹಾಕುತ್ತೇನೆ, ಟಿ.ಟಿ. ಉಂಟು. ರಕ್ತ ಪರೀಕ್ಷೆ ಸಂಜೆಗೆ ಬರುತ್ತದೆ. ಎಕ್ಸ್‌ರೇ ಬ್ರಹ್ಮಾವರದಲ್ಲಿ. "ರಾತ್ರಿ ಫೋನ್ ಮಾಡ್ಬಹುದಾ?" ಅಂತ ಕೇಳಿದೆ. "ಮಾಡಿ. ಆದ್ರೆ ಬೆವರು ಬರ್ತಾ ಇದ್ರೆ ಮೊದಲು ಕಾರು ತೆಗೀರಿ, ಫೋನ್ ದಾರಿಯಲ್ಲಿ ಮಾಡಿ" ಅಂದರು. ಗಡಿಯಾರ ನೋಡಿ ಸುಮ್ಮನಾಗಿದ್ದವರು ಅದನ್ನು ಹೇಳಲು ಎರಡು ವರ್ಷ ತೆಗೆದುಕೊಂಡರು. ಬಾಗಿಲಿನ ಹಿಂದಿನ ಮೊಳೆಯಲ್ಲಿ ಒಂದು ಬಟ್ಟೆಯ ಚೀಲ ಉಂಟು. ಅಪ್ಪನ ಹಳೆಯ ಇಸಿಜಿ, ಮಾತ್ರೆಗಳ ಚೀಟಿ, ಆಯುಷ್ಮಾನ್ ಕಾರ್ಡು, ಒಂದು ಬೈರಾಸು. 108ಕ್ಕೆ ಮನೆಯ ದಾರಿ ಹೇಳುವುದು ಹೇಗೆ ಅಂತ ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದೇನೆ. "ನಾಗಬನದ ಹತ್ರ ಎಡಕ್ಕೆ, ಸೇತುವೆ ದಾಟ್ಬಾರ್ದು."

ಹೋದ ತಿಂಗಳು ರಾತ್ರಿ ಹನ್ನೆರಡಕ್ಕೆ ಅಮ್ಮ ಎದ್ದಳು. ಎಡ ಭುಜದಿಂದ ಬೆನ್ನಿಗೆ ನೋವು. "ಮಧ್ಯಾಹ್ನ ಹಂಡೆ ಎತ್ತಿದೆ, ಅದೇ ಇರ್ಬೇಕು, ಬೆಳಿಗ್ಗೆ ನೋಡುವ" ಅಂದಳು. ನಾನು ಏನಾದರೂ ಹೇಳುವ ಮೊದಲೇ ಅಪ್ಪ ಮೊಳೆಯಿಂದ ಚೀಲ ತೆಗೆದು, ಅಂಗಿ ಹಾಕದೆ ಶಾಲು ಹೊದ್ದುಕೊಂಡು, ಕಾರಿನ ಮುಂದಿನ ಸೀಟಿನಲ್ಲಿ ಕೂತಾಗಿತ್ತು. ಸಂತೆಕಟ್ಟೆ ದಾಟಿ, ಅಂಬಾಗಿಲಿನಿಂದ ಪೆರಂಪಳ್ಳಿ ದಾರಿಯಾಗಿ ಹೋದೆವು. ದಾರಿಯುದ್ದಕ್ಕೂ ಅಪ್ಪ ಹಿಂದೆ ತಿರುಗಿ ತಿರುಗಿ ಅಮ್ಮನ ಹಣೆ ನೋಡುತ್ತಿದ್ದರು, ಬೆವರು ಉಂಟಾ ಅಂತ.

ಇಸಿಜಿ ಸರಿ ಇತ್ತು. ಹೃದಯದ ರಕ್ತ ಪರೀಕ್ಷೆ ಒಮ್ಮೆ ಮಾಡಿ, ಮೂರು ಗಂಟೆ ಬಿಟ್ಟು ಇನ್ನೊಮ್ಮೆ ಮಾಡಿದರು. ಎರಡೂ ಸರಿ. ಹಂಡೆಯದ್ದೇ ನೋವು. ನೋವಿನ ಮಾತ್ರೆ, ಹಚ್ಚಲು ಒಂದು ಟ್ಯೂಬ್. ವಾಪಸ್ ಬರುವಾಗ ನಾಲ್ಕೂವರೆ. ದಾರಿಬದಿಯಲ್ಲಿ ಹಾಲಿನ ಗಾಡಿಗಳು ನಿಂತಿದ್ದವು.

"ನಾನು ಹೇಳ್ಲಿಲ್ವಾ, ಹಂಡೆ ಅಂತ. ಸುಮ್ನೆ ದುಡ್ಡು ದಂಡ. ಈ ದುಡ್ಡಿನಲ್ಲಿ ಒಂದು ಸೀರೆ ಬರ್ತಿತ್ತು" ಅಂತ ಅಮ್ಮ ಕಲ್ಯಾಣಪುರದವರೆಗೂ ಹೇಳುತ್ತಲೇ ಇದ್ದಳು. ಅಪ್ಪ ಮುಂದಿನ ಸೀಟಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು, ಗೊರಕೆ ಹೊಡೆಯುತ್ತಿದ್ದರು.